ಕೇಮನ್‌ಗೆ ಮಳೆಗಾಲದ ಸೆಟ್: ವಿಂಟರ್ ಟೈರ್ ನಡೆಯುತ್ತಾ? 18 ಇಂಚು ಸಾಕಾ?

ಬಸವನಗುಡಿ ಬಾಕ್ಸರ್

ನಮಸ್ಕಾರ ಎಲ್ಲರಿಗೂ. ಟೈರ್ ವಿಷಯಕ್ಕೆ ತಲೆ ಕೆಟ್ಟುಹೋಗಿದೆ, ಸ್ವಲ್ಪ ದಾರಿ ತೋರಿಸಿ.

ಕಾರು ಪೋರ್ಷೆ 718 ಕೇಮನ್, ಬೇಸ್ ಮಾಡೆಲ್, 2 ಲೀಟರ್ ಟರ್ಬೊ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮೊದಲಿನ ಓನರ್ 20 ಇಂಚಿನ ವೀಲ್ ಹಾಕಿಸಿದ್ದರು. ಮುಂದೆ 235/35, ಹಿಂದೆ 265/35 (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಸೈಡಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ). ನೋಡೋಕೆ ಸಖತ್ತಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಳೆದ ಮಳೆಯಲ್ಲಿ ನೀರು ತುಂಬಿದ ಒಂದು ಗುಂಡಿಗೆ ಇಳಿಯಿತು. ಮುಂದಿನ ಎಡಗಡೆ ಟೈರಿನ ಸೈಡಿನಲ್ಲಿ ಈಗ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ರಿಮ್ಮಿನ ಒಳ ಅಂಚು ಬಗ್ಗಿದೆ. 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಹಿಂದಿನ ಎರಡೂ ಟೈರ್ ಸವೆದು 2 ಮಿ.ಮೀ.ಗೆ ಬಂದಿವೆ.

ಈಗ ವಿಷಯ. ದೊಡ್ಡಪ್ಪನ ಮಗ ಜರ್ಮನಿಯಲ್ಲಿದ್ದಾನೆ. ಅವನ ಹತ್ತಿರವೂ ಕೇಮನ್ ಇತ್ತು, ಮಾರಿಬಿಟ್ಟ. 18 ಇಂಚಿನ ವಿಂಟರ್ ಸೆಟ್ ರಿಮ್ ಸಮೇತ ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿದೆ, ಬೇಕಾದರೆ ಕಳಿಸುತ್ತೇನೆ ಅಂತಿದ್ದಾನೆ. ಫೋಟೋ ನೋಡಿದೆ, ಟೈರ್ ಮೈತುಂಬ ಸಣ್ಣ ಸಣ್ಣ ಸೀಳು. ಇಷ್ಟು ಸೀಳಿದ್ದರೆ ನಮ್ಮ ಮಳೆಗೆ ಗ್ರಿಪ್ ಚೆನ್ನಾಗಿರಬೇಕು ಅಲ್ವಾ? ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು, ಉಳಿದಂತೆ 20 ಇಂಚು. ಐಡಿಯಾ ಹೇಗಿದೆ?

ಓಡಾಟ: ಭಾನುವಾರ ಬೆಳಗ್ಗೆ ನಂದಿ ಅಥವಾ ಮೈಸೂರು, ಆಗಾಗ ಚಿಕ್ಕಮಗಳೂರು, ಮನಸ್ಸು ಬಂದರೆ ಎಲೆಕ್ಟ್ರಾನಿಕ್ ಸಿಟಿಗೆ ಆಫೀಸಿಗೆ.

ಹನುಮಂತನಗರ ಟು ಹೈಲ್‌ಬ್ರಾನ್

ಸರ್, ನಾನು ಇಲ್ಲಿ ಜರ್ಮನಿಯಲ್ಲಿ ವರ್ಷಕ್ಕೆ ಎರಡು ಸಲ ಟೈರ್ ಬದಲಾಯಿಸುವವನು. ಒಂದೇ ಮಾತು: ಟೈರ್ ಬೇಡ. ರಿಮ್ ಬಗ್ಗೆ ಬೇಕಾದರೆ ಯೋಚಿಸಿ.

ಆ ಸೀಳುಗಳ ಕೆಲಸ ನೀವು ಅಂದುಕೊಂಡದ್ದಲ್ಲ. ಟೈರಿನಿಂದ ನೀರು ಹೊರಗೆ ಹಾಕೋದು ದೊಡ್ಡ ಕಾಲುವೆಗಳು, ಅಂದರೆ ಗ್ರೂವ್. ಸಣ್ಣ ಸೀಳು ಇರೋದು ಹಿಮವನ್ನು ಕಚ್ಚಿ ಹಿಡಿಯೋಕೆ. ಟೈರ್ ತಿರುಗುವಾಗ ಒಂದೊಂದು ಸೀಳೂ ಬಾಯಿ ತೆರೆದು ಹಿಮಕ್ಕೆ ಅಂಚು ಕೊಡುತ್ತದೆ. ಬಿಸಿ ರಸ್ತೆಯಲ್ಲಿ ಅದೇ ಸೀಳಿನಿಂದ ತೊಂದರೆ. ಬ್ರೇಕ್ ಒತ್ತಿದಾಗ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ರಬ್ಬರಿನ, ತುಂಡುಗಳು ಬಾಗುತ್ತವೆ, ಕಾರು ನಿಲ್ಲೋಕೆ ಜಾಸ್ತಿ ದೂರ ಬೇಕಾಗುತ್ತದೆ.

ರಬ್ಬರೂ ಬೇರೆ. ಸಮ್ಮರ್ ಟೈರಿನ, ಅಂದರೆ ಹಿಮವಿಲ್ಲದ ರಸ್ತೆಗೆ ಮಾಡಿದ ಮಾಮೂಲಿ ಟೈರಿನ, ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಇಲ್ಲಿ 7 ಡಿಗ್ರಿಯ ಲೆಕ್ಕ ಹೇಳುತ್ತಾರೆ, ಅದಕ್ಕಿಂತ ಕೆಳಗೆ ಹೋದರೆ ವಿಂಟರ್ ಟೈರ್. ಅದರ ರಬ್ಬರ್ ಸೊನ್ನೆಗಿಂತ ಕೆಳಗೂ ಮೆತ್ತಗೇ ಇರುತ್ತದೆ. ಅದನ್ನು ತಂದು ಏಪ್ರಿಲ್ ಬಿಸಿಲಲ್ಲಿ ಹೊಸೂರು ರಸ್ತೆಯ ಮೇಲೆ ಓಡಿಸಿದರೆ ನೋಡನೋಡುತ್ತಲೇ ಸವೆದುಹೋಗುತ್ತದೆ. ಮಳೆಗಾಲದಲ್ಲೂ ನಿಮ್ಮಲ್ಲಿ ರಾತ್ರಿ ಸುಮಾರು 20 ಡಿಗ್ರಿ ಇರುತ್ತದೆ.

ಇಲ್ಲಿ ಕಾನೂನು ಇರೋದು ತಾರೀಖಿನ ಮೇಲಲ್ಲ, ರಸ್ತೆಯ ಸ್ಥಿತಿಯ ಮೇಲೆ. ಹಿಮ, ಮಂಜುಗಡ್ಡೆ ಇದ್ದರೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತಿನ ಟೈರೇ ಬೇಕು. ಜನ ಮಾತ್ರ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಅಂತ ಬಾಯಿಪಾಠ ಮಾಡಿಕೊಂಡಿದ್ದಾರೆ.

ಸ್ವೆಟರ್ ಸಾಕು

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿಯಲ್ಲಿ. ಅಂದರೆ ವಿಂಟರ್ ಟೈರ್ ಬೇಕಾಗುವಷ್ಟು ಚಳಿ ಈ ಊರಿಗೆ ಇನ್ನೂ ಬಂದೇ ಇಲ್ಲ. ಮುಂದೆ ಬಂದರೆ ಹೇಳಿ ಕಳಿಸುತ್ತೇನೆ.

ಘಾಟಿ ಗಿರಾಕಿ

ನನ್ನ ಎಸ್‌ಯುವಿ ಟೈರ್ ಮೇಲೆ ಎಂ ಪ್ಲಸ್ ಎಸ್ ಅಂತ ಬರೆದಿದೆ. ಹಾಗಾದರೆ ಅದೂ ವಿಂಟರ್ ಟೈರಾ? ಅದರಲ್ಲೇ ಆಗುಂಬೆ ಇಳಿದು ಬಂದಿದ್ದೇನೆ, ಏನೂ ಆಗಿಲ್ಲ.

ಹನುಮಂತನಗರ ಟು ಹೈಲ್‌ಬ್ರಾನ್

ಅಲ್ಲ. ಎಂ ಪ್ಲಸ್ ಎಸ್ ಅಂದರೆ ಕೆಸರು ಮತ್ತು ಹಿಮ. ಅದನ್ನು ಕಂಪನಿಯವರು ಟ್ರೆಡ್ ನೋಡಿ ತಾವೇ ಬರೆದುಕೊಳ್ಳಬಹುದು. ಬೆಟ್ಟದ ಗುರುತು ಬೇಕಾದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಜರ್ಮನಿಯಲ್ಲಿ 2024ರ ಸೆಪ್ಟೆಂಬರ್ ಮುಗಿದ ಮೇಲೆ ಬರೀ ಎಂ ಪ್ಲಸ್ ಎಸ್ ಟೈರನ್ನು ವಿಂಟರ್ ಟೈರ್ ಅಂತ ಒಪ್ಪುವುದಿಲ್ಲ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಮೊದಲ ವಿಂಟರ್ ಟೈರ್ ಮಾಡಿದ್ದು ಫಿನ್‌ಲೆಂಡಿನವರು, 1934ರಲ್ಲಿ, ಅದೂ ಲಾರಿಗೆ. ಈಗಿನ ನೋಕಿಯನ್ ಟೈರ್ಸ್ ಅದೇ ಕಂಪನಿಯ ಮುಂದುವರಿಕೆ. ಕಾರಿಗೆ ಮಾಡಿದ್ದು ಆಮೇಲೆ, 1936ರಲ್ಲಿ.

ಆರ್‌ಎಸ್ ಅಕ್ಕ

ವಿಂಟರ್ ರಬ್ಬರ್ ವಿಷಯ ಮುಗಿಯಿತು. ಆದರೆ ನಿಮ್ಮ ಅಣ್ಣ ಚಳಿಗಾಲಕ್ಕೆ 20 ಬಿಟ್ಟು 18 ಯಾಕೆ ಹಾಕುತ್ತಿದ್ದರು ಅಂತ ಕೇಳಿದ್ದೀರಾ? ಅಲ್ಲಿಯೂ ಹಿಮದ ಕೆಳಗೆ ಗುಂಡಿ, ಫುಟ್‌ಪಾತ್ ಅಂಚು ಕಾಣೋದಿಲ್ಲ. ಇಲ್ಲಿ ಹಿಮದ ಬದಲು ಕೆಂಪು ನೀರು, ಅಷ್ಟೇ ವ್ಯತ್ಯಾಸ. ನಮಗೆ ಬೇಕಾದ್ದು ಸಣ್ಣ ರಿಮ್, ದಪ್ಪ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ.

ಲೆಕ್ಕ ನೋಡಿ. ನಿಮ್ಮ ಕಾರಿಗೆ ಕಂಪನಿಯೇ ಮೂರು ಸೈಜ್ ಕೊಟ್ಟಿದೆ. ಮುಂದಿನ ಟೈರ್ ತಗೊಳ್ಳಿ (ಆರ್ ಆದಮೇಲಿನ ಅಂಕಿ ರಿಮ್ಮಿನ ಇಂಚು):

235/35 ಆರ್20: ರಿಮ್ಮಿನಿಂದ ನೆಲದ ತನಕ ರಬ್ಬರ್ ಸುಮಾರು 82 ಮಿ.ಮೀ.
235/40 ಆರ್19: 94 ಮಿ.ಮೀ.
235/45 ಆರ್18: 106 ಮಿ.ಮೀ.

ಮೂರರದ್ದೂ ಒಟ್ಟು ಎತ್ತರ 669ರಿಂದ 673 ಮಿ.ಮೀ. ಒಳಗೇ ಇದೆ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಗ್ರೌಂಡ್ ಕ್ಲಿಯರೆನ್ಸೂ ಬದಲಾಗುವುದಿಲ್ಲ. ಆದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ 24 ಮಿ.ಮೀ. ರಬ್ಬರ್ ಜಾಸ್ತಿ ಸಿಗುತ್ತದೆ. ಹಿಂದೆ 265/45 ಆರ್18 ಬರುತ್ತದೆ, ಅಲ್ಲಿ ಇನ್ನೂ ಸ್ವಲ್ಪ ಹೆಚ್ಚೇ.

ನಿಮಗೆ ಬಂದಿರುವ ಉಬ್ಬು ಏನು ಗೊತ್ತಾ? ಗುಂಡಿಯ ಅಂಚು ಒಂದು ಕಡೆ, ರಿಮ್ ಒಂದು ಕಡೆ, ಮಧ್ಯೆ ಸಿಕ್ಕ ಸೈಡ್‌ವಾಲ್ ಒಳಗಿನ ದಾರಗಳು ಕತ್ತರಿಸಿಹೋಗಿವೆ. ಒಳಗಿನ ಗಾಳಿ ಈಗ ಹೊರಗಿನ ರಬ್ಬರನ್ನು ಮಾತ್ರ ತಳ್ಳುತ್ತಿದೆ. ಪಂಕ್ಚರ್ ಅಂಗಡಿಯಲ್ಲಿ ಯಾರಾದರೂ "ಒಳಗಿಂದ ಪ್ಯಾಚ್ ಹಾಕ್ತೀನಿ ಸರ್" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅದಕ್ಕೆ ರಿಪೇರಿ ಇಲ್ಲ. ಹೊಸದು ಹಾಕುವ ತನಕ ಕಾರು ತೆಗೆಯಬೇಡಿ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಬರೀ ತೂತು ಮುಚ್ಚುವ ಸೀಲೆಂಟ್ ಬಾಟಲಿ. ಸೈಡ್‌ವಾಲ್ ಒಡೆದರೆ ಆ ಬಾಟಲಿಯಿಂದ ಏನೂ ಪ್ರಯೋಜನ ಇಲ್ಲ.

ಲೋ ಪ್ರೊಫೈಲ್ ಲೋಕೇಶ

ಅಕ್ಕ, ಲೆಕ್ಕ ಸರಿ. ಆದರೆ ಪೋರ್ಷೆಗೆ 18 ಇಂಚು ಹಾಕಿ ನಿಲ್ಲಿಸಿದರೆ ನೋಡೋಕಾಗುತ್ತಾ? ಫೆಂಡರ್ ಒಳಗೆಲ್ಲ ಖಾಲಿ ಖಾಲಿ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗುವುದು ಗಟ್ಟಿ ಸೈಡ್‌ವಾಲ್‌ನಿಂದ. ದಪ್ಪ ಟೈರ್ ಹಾಕಿ ಆ ಮಜಾ ಕಳೆದುಕೊಳ್ಳೋದಾದರೆ ಸೆಡಾನ್ ತಗೋಬಹುದಿತ್ತಲ್ಲ. 19 ಇಂಚು ಹಾಕಿ, ರಸ್ತೆ ನೋಡಿಕೊಂಡು ಓಡಿಸಿ.

ಆರ್‌ಎಸ್ ಅಕ್ಕ

ರಸ್ತೆ ನೋಡಿಕೊಂಡು ಓಡಿಸಬೇಕಾದರೆ ರಸ್ತೆ ಕಾಣಬೇಕಲ್ಲ ತಮ್ಮ. 2022ರಲ್ಲಿ ಔಟರ್ ರಿಂಗ್ ರೋಡ್ ಬೆಳ್ಳಂದೂರಿನ ಹತ್ತಿರ ಕೆರೆಯೇ ಆಗಿತ್ತು. ಅದು ಬಿಡಿ, ಮಾಮೂಲಿ ಸಂಜೆ ಮಳೆಗೆ ಯಾವ ಗುಂಡಿ ಎಷ್ಟು ಆಳ ಅಂತ ಯಾರಿಗೆ ಗೊತ್ತಾಗುತ್ತದೆ? ಮಜಾ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಆ ತೀಕ್ಷ್ಣತೆ ಗೊತ್ತಾಗೋದು ನಯವಾದ ರಸ್ತೆಯಲ್ಲಿ ಜೋರಾಗಿ ಹೋದಾಗ. ಹನುಮಂತನಗರದಿಂದ ಸಿಲ್ಕ್ ಬೋರ್ಡ್‌ವರೆಗೆ ಫಸ್ಟ್, ಸೆಕೆಂಡ್ ಗೇರಿನಲ್ಲಿ ಯಾವ ಮಜಾ? ಮತ್ತೆ 18 ಇಂಚು ಅವರ ಕಾರಿನ ಸ್ಟ್ಯಾಂಡರ್ಡ್ ಸೈಜು. ಜರ್ಮನಿಯವರೇ ಅದಕ್ಕೆ ಸಾಕು ಅಂದಿದ್ದಾರೆ.

ಜೆಸಿ ರೋಡ್ ಜಂಗ್ಲಿ

ಸೈಜಿನ ಜಗಳ ನೀವು ಮುಗಿಸಿಕೊಳ್ಳಿ. ರಿಮ್ ತಗೊಳ್ಳುವಾಗ ಏನು ನೋಡಬೇಕು ಅಂತ ನಾನು ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ದುಡ್ಡು ಕಳೆದುಕೊಳ್ಳೋದು.

ಪೋರ್ಷೆಯ ಬೋಲ್ಟ್ ಲೆಕ್ಕ 5x130, ಅಂದರೆ 130 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್. ಫೋಕ್ಸ್‌ವ್ಯಾಗನ್, ಆಡಿಯ 5x112 ರಿಮ್ ಕೂರೋದಿಲ್ಲ. ಅಡಾಪ್ಟರ್ ಹಾಕಿ ಕೂರಿಸಿಕೊಡುತ್ತೇನೆ ಅನ್ನೋರು ಇದ್ದಾರೆ, ಆ ಕಡೆ ತಲೆ ಹಾಕಬೇಡಿ. ಮಧ್ಯದ ತೂತು 71.6 ಮಿ.ಮೀ. ಹೊರಗಿನ ರಿಮ್ಮಿಗೆ ಅದು ದೊಡ್ಡದಾಗಿರುತ್ತದೆ, ಆಗ ಆ ಸಂದು ತುಂಬುವ ಸರಿಯಾದ ಹಬ್ ರಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗೋದಿಲ್ಲ.

ಈಗ ಬೋಲ್ಟು. ಪೋರ್ಷೆ ಬೋಲ್ಟಿನ ತಲೆಯ ಕೆಳಗೆ, ರಿಮ್ಮಿಗೆ ಕೂರುವ ಜಾಗ ಗುಂಡಗಿರುತ್ತದೆ. ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗಳಲ್ಲಿ ಆ ಜಾಗ ಶಂಕುವಿನ ಆಕಾರ. ಗುಂಡು ಬೋಲ್ಟನ್ನು ಶಂಕು ತೂತಿಗೆ ಬಿಗಿದರೆ ಬಿಗಿಯಾದ ಹಾಗೇ ಅನಿಸುತ್ತದೆ. ಆದರೆ ತಾಗಿರೋದು ಒಂದು ಸಣ್ಣ ಗೆರೆಯಷ್ಟು ಮಾತ್ರ. ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಒಂದು ಬೋಲ್ಟ್ ಕೈಯಲ್ಲಿ ಹಿಡಿದು, ರಿಮ್ಮಿನ ತೂತಿಗೆ ಬೆಳಕು ಬಿಟ್ಟು ನೋಡಿ, ಗೊತ್ತಾಗುತ್ತದೆ. ಬಿಗಿಯೋದು 160 ನ್ಯೂಟನ್ ಮೀಟರ್‌ಗೆ, ಟಾರ್ಕ್ ರೆಂಚ್‌ನಲ್ಲಿ. ಗನ್ ಹಿಡಿದು ಟರ್ರ್ ಅನ್ನಿಸಿ ಕಳಿಸೋ ಹುಡುಗರಿಗೆ ಕೊಡಬೇಡಿ. 50-100 ಕಿ.ಮೀ. ಓಡಿಸಿ ಮತ್ತೊಮ್ಮೆ ಟಾರ್ಕ್ ನೋಡಿಸಿ.

ಕಂಪನಿಯ ಹಳೇ ರಿಮ್ ಸಿಕ್ಕರೆ ಬೆಸ್ಟ್. 20 ಹಾಕಿಸಿಕೊಂಡವರು 18 ಬಿಚ್ಚಿ ಎಲ್ಲೋ ಇಟ್ಟಿರುತ್ತಾರೆ. ತಗೊಳ್ಳುವಾಗ ಮುಂದಿನ ಫಳಫಳ ನೋಡಬೇಡಿ. ಉಲ್ಟಾ ಮಾಡಿ ಒಳಗಿನ ಅಂಚಿನ ಮೇಲೆ ಬೆರಳಾಡಿಸಿ. ಬಿರುಕು, ವೆಲ್ಡಿಂಗ್ ಗುರುತು ಸಿಕ್ಕರೆ ಅಲ್ಲೇ ಬಿಡಿ. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಬರೀ ರಿಮ್ ಹಾಕಿ ತಿರುಗಿಸಿ ಅಂತ ಕೇಳಿ, ಬಗ್ಗಿದ್ದರೆ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಬೆಂಡ್ ಇದ್ದರೆ ತೆಗೆಯಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿ ಈ ಕಾರಿಗೆ ಹಾಕಬಾರದು, ಎಷ್ಟೇ ಅಗ್ಗ ಆಗಲಿ.

ಬಸವನಗುಡಿ ಬಾಕ್ಸರ್

ಬೋಲ್ಟ್ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಜರ್ಮನಿಯಿಂದ ಬರೀ ರಿಮ್ ತರಿಸಿದರೆ ಹೇಗೆ? ಮತ್ತೆ ಅಲ್ಲಿಂದಲೇ ಹೊಸ ಸಮ್ಮರ್ ಟೈರ್ ಕೂಡ ತರಿಸಬಹುದಾ?

ಜೆಸಿ ರೋಡ್ ಜಂಗ್ಲಿ

ಟೈರ್ ಮರೆತುಬಿಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು, ಲೈಸೆನ್ಸ್ ಬೇಕು. ಅದರ ಮೇಲೆ ಇಲ್ಲಿ ಮಾರುವ ಕಾರ್ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಸೈಡ್‌ವಾಲ್ ಮೇಲೆ ಐಎಸ್ 15633 ಅಂತ ಇರುತ್ತದೆ ನೋಡಿ. ನಿಮ್ಮ ಸೈಜಿಗೆ ಆಯ್ಕೆ ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ. ರಿಮ್ ತರಿಸೋದಾದರೆ ಕಸ್ಟಮ್ಸ್ ಏಜೆಂಟ್ ಹತ್ತಿರ ಮೊದಲೇ ಕೇಳಿಕೊಳ್ಳಿ, ಬಂದರಿನಲ್ಲಿ ಕೂತರೆ ಬಾಡಿಗೆ ಬೆಳೆಯುತ್ತದೆ. ನನ್ನ ಅಂದಾಜಿಗೆ ಸಾಗಣೆ, ಸುಂಕ ಎಲ್ಲ ಸೇರಿದರೆ ಇಲ್ಲೇ ಹುಡುಕೋದು ಲಾಭ.

ಬಿಲ್ ಹಾಕಿಸುವಾಗ ನೋಡಿ, 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ. ಹಳೇ ರೇಟ್ ಹೇಳೋರೂ ಇದ್ದಾರೆ.

ಟೈರ್ ಹುಟ್ಟಿದ ದಿನವನ್ನೂ ನೋಡಿ. ಡಾಟ್ (DOT) ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ. 2324 ಇದ್ದರೆ 2024ರ 23ನೇ ವಾರ. ನಿಮ್ಮ ಸೈಜ್ ನಿಧಾನಕ್ಕೆ ಖರ್ಚಾಗುವ ಮಾಲು, ಗೋಡೌನಿನಲ್ಲಿ ಕೂತು ಹಳೆಯದಾಗಿರುತ್ತದೆ. ನಾಲ್ಕರ ಅಂಕಿಯನ್ನೂ ಓದಿ, ಒಂದನ್ನು ಮಾತ್ರ ತೋರಿಸಿ ಸುಮ್ಮನಾಗಿಸುತ್ತಾರೆ.

ಚಾರ್ಮಾಡಿ ಚಾಲಕ

ಯಾರೂ ಹಿಂದಿನ ಟೈರ್ ಬಗ್ಗೆ ಮಾತಾಡಲೇ ಇಲ್ಲವಲ್ಲ. 2 ಮಿ.ಮೀ. ಇದೆ ಅಂತಿದ್ದಾರೆ. ಕಾನೂನು ಪ್ರಕಾರ 1.6 ಇದ್ದರೆ ಸಾಕು, ಹಾಗಾಗಿ ಪೊಲೀಸರು ಹಿಡಿಯೋದಿಲ್ಲ. ಮಳೆಗೆ ಮಾತ್ರ ಆ ಟೈರ್ ಸತ್ತ ಹಾಗೇ. ಕೇಮನ್‌ನಲ್ಲಿ ಇಂಜಿನ್ ಮಧ್ಯದಲ್ಲಿದೆ, ಓಡೋದು ಹಿಂದಿನ ಚಕ್ರ. ನೀರಿನ ಮೇಲೆ ಹಿಂದಿನ ಟೈರ್ ಮೊದಲು ತೇಲಿದರೆ ಕಾರು ಬುಗುರಿಯಾಡುತ್ತದೆ. ಮುಂದಿನದು ತೇಲಿದರೆ ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟು ಸುಧಾರಿಸಿಕೊಳ್ಳಬಹುದು. ಹಿಂದಿನದಕ್ಕೆ ಆ ಅವಕಾಶ ಇಲ್ಲ. ಹಿಂದೆ ಮುಂದೆ ಅಳತೆ ಬೇರೆ ಇರುವುದರಿಂದ ಅದಲು ಬದಲು ಮಾಡೋಕೂ ಆಗೋದಿಲ್ಲ.

ಗಾಳಿಯ ವಿಷಯವೂ ಇದೆ. ಮಳೆ ಬಂದರೆ ಗಾಳಿ ಸ್ವಲ್ಪ ಇಳಿಸಿ, ಗ್ರಿಪ್ ಸಿಗುತ್ತೆ ಅಂತ ಸಲಹೆ ಕೊಡುವವರು ತುಂಬಾ ಜನ. ಉಲ್ಟಾ ಅದು. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ಒಂದು ಲೆಕ್ಕ ಕೊಟ್ಟರು. ಟೈರ್ ನೀರಿನ ಮೇಲೆ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ. 30 ಪಿಎಸ್‌ಐ ಇದ್ದರೆ ಸುಮಾರು 91 ಕಿ.ಮೀ., 25 ಇದ್ದರೆ 83. ಅದು ಟ್ರೆಡ್ ಮುಳುಗುವಷ್ಟು ನೀರಿದ್ದಾಗಿನ ಅಂದಾಜು, ಕಾರಿಗೆ ಹಾಗೇ ಅನ್ವಯಿಸೋಕಾಗದು. ಅಗಲದ ಸವೆದ ಟೈರ್ ಅದಕ್ಕಿಂತ ಮೊದಲೇ ತೇಲಬಹುದು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100. ರಾಮನಗರದ ಹತ್ತಿರ 2022ರ ಆಗಸ್ಟಿನಲ್ಲಿ ಆ ರಸ್ತೆ ಮೇಲೆ ನೀರು ನಿಂತದ್ದು ನೆನಪಿದೆಯಾ? ಆದ್ದರಿಂದ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ, ಅಷ್ಟೇ ಗಾಳಿ ಹೊಡೆಸಿ, ಬೆಳಗ್ಗೆ ಟೈರ್ ತಣ್ಣಗಿರುವಾಗ. 18 ಇಂಚಿಗೆ ಬೇರೆ ಸಂಖ್ಯೆ ಇರಬಹುದು, ಆ ಸಾಲನ್ನೇ ಓದಿ.

ಘಾಟಿ ಗಿರಾಕಿ

ಆಲ್ ಸೀಸನ್ ಹಾಕಿದರೆ ಈ ಜಗಳವೇ ಇರಲ್ಲ ಅಲ್ವಾ? ಡಿಸೆಂಬರ್‌ನಲ್ಲಿ ಮನಾಲಿಗೂ ಹೋಗಿಬರಬಹುದು.

ಹನುಮಂತನಗರ ಟು ಹೈಲ್‌ಬ್ರಾನ್

ಹಿಮ ಆಗಾಗ ಬಿದ್ದರೂ ತೀರಾ ಹೆಚ್ಚು ಬೀಳದ ಊರಿಗೆ ಆಲ್ ಸೀಸನ್ ಒಳ್ಳೆಯದು. ಹಿಮವೇ ಇಲ್ಲದ ಊರಿನಲ್ಲಿ ನೀವು ಬಳಸದ ಗುಣಕ್ಕೆ ಬ್ರೇಕಿಂಗ್ ಬಿಟ್ಟುಕೊಟ್ಟ ಹಾಗಾಗುತ್ತದೆ. ಮಳೆಗೆ ಒಳ್ಳೆಯ ಸಮ್ಮರ್ ಟೈರೇ ಸರಿ. ಯುರೋಪಿನ ಲೇಬಲ್‌ನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಇದೆ. ಎ ಇರುವುದನ್ನು ಆರಿಸಿ. ಮಿಶೆಲಿನ್ ಪೈಲಟ್ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1, ಪಿರೆಲಿ ಪಿ ಝೀರೋ, ಈ ಮೂರರಲ್ಲಿ ನಿಮ್ಮ ಎರಡೂ ಸೈಜು ಒಂದೇ ಮಾಡೆಲ್‌ನಲ್ಲಿ ಯಾವುದು ಸಿಗುತ್ತದೋ ಅದು. ಮುಂದೊಂದು ಹಿಂದೊಂದು ಬೇಡ. ಪೋರ್ಷೆ ಒಪ್ಪಿದ ಟೈರಿಗೆ ಎನ್ ಅಕ್ಷರದ ಗುರುತು ಇರುತ್ತದೆ, ಎನ್0, ಎನ್1 ಹೀಗೆ. ಸಿಕ್ಕರೆ ಒಳ್ಳೆಯದು.

ವೇಗದ ಅಕ್ಷರವನ್ನೂ ನೋಡಿ. ವಿ ಅಂದರೆ 240, ಡಬ್ಲ್ಯೂ 270, ವೈ 300. ನಿಮ್ಮ ಕಾರು 275 ಓಡುತ್ತದೆ, ವೈ ಇರಲಿ. ಬೆಂಗಳೂರಿನಲ್ಲಿ ಎಲ್ಲಿ 275 ಓಡಿಸಲಿ ಅಂತ ಕೇಳಬೇಡಿ. ಅದು ಬಿಸಿ ತಡೆಯುವ ಶಕ್ತಿಯ ಲೆಕ್ಕವೂ ಹೌದು.

ಸ್ವೆಟರ್ ಸಾಕು

ಮನಾಲಿಗೆ ಕೇಮನ್‌ನಲ್ಲಿ ಹೋಗುವವರು ಟೈರ್ ಜೊತೆ ಮುಂದಿನ ಬಂಪರ್ ಕೂಡ ಎರಡು ಸೆಟ್ ಇಟ್ಟುಕೊಳ್ಳಿ.

ಲೋ ಪ್ರೊಫೈಲ್ ಲೋಕೇಶ

ಸರಿ, ಮಳೆಗೆ 18 ಒಪ್ಪಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 20 ಹಾಕಿ ಸರ್, ಪ್ಲೀಸ್. ಫೋಟೋಗಾದರೂ.

ಬಸವನಗುಡಿ ಬಾಕ್ಸರ್

ಅಪ್ಡೇಟ್. ಜಂಗ್ಲಿ ಸರ್ ಹೇಳಿದ ಹಾಗೇ ಆಯಿತು. ಇಂದಿರಾನಗರದಲ್ಲಿ ಒಬ್ಬರ ಹತ್ತಿರ ಕಂಪನಿಯ 18 ಇಂಚಿನ ಸೆಟ್ ಸಿಕ್ಕಿತು, ಡೆಲಿವರಿ ದಿನ ಬಿಚ್ಚಿ ಇಟ್ಟದ್ದು. ಮೆಷಿನ್ ಮೇಲೆ ತಿರುಗಿಸಿ ನೋಡಿದೆ, ನಾಲ್ಕೂ ನೇರ. ಕಂಪನಿ ರಿಮ್ಮೇ ಆದ್ದರಿಂದ ಹಳೇ ಬೋಲ್ಟುಗಳೇ ಕೂತವು, ಹಬ್ ರಿಂಗ್ ರಗಳೆ ಇಲ್ಲ. ನಾಲ್ಕೂ ಹೊಸ ಟೈರ್, ಒಂದೇ ಮಾಡೆಲ್, ನಾಲ್ಕೂ ಒಂದೇ ವರ್ಷದವು. ಆ ಅಂಗಡಿಯವರು ಮೊದಲು ತಂದಿಟ್ಟ ಹಿಂದಿನ ಜೋಡಿ ಮೂರು ವರ್ಷ ಹಳೆಯದು. ಅಂಕಿ ಓದಿ ತೋರಿಸಿದ ಮೇಲೆ ಬೇರೆ ಜೋಡಿ ಬಂತು.

ಗಾಂಧಿ ಬಜಾರಿನ ಪಕ್ಕದ ಹಂಪ್ಸ್ ಮೇಲೆ ಈಗ ಹಲ್ಲು ಕಟಕಟ ಅನ್ನೋದಿಲ್ಲ. ಲೋಕೇಶ ಹೇಳಿದ್ದೂ ನಿಜ, ನಂದಿ ತಿರುವುಗಳಲ್ಲಿ ಸ್ಟೀರಿಂಗ್ ಒಂದು ಕ್ಷಣ ತಡವಾಗಿ ಉತ್ತರ ಕೊಡುತ್ತದೆ. ಸಹಿಸಿಕೊಳ್ಳಬಹುದು.

ಎರಡು ಪ್ರಶ್ನೆ ಉಳಿದಿವೆ. ಗಾಳಿ ತೋರಿಸುವ ಲೈಟ್ ಉರಿಯುತ್ತಲೇ ಇದೆ. ಮತ್ತೆ 20 ಇಂಚಿನ ಸೆಟ್ ಎಲ್ಲಿಡಲಿ? ಉಬ್ಬಿದ ಟೈರ್, ಸವೆದ ಹಿಂದಿನ ಜೋಡಿ ಎಸೆದಾಯಿತು, ಬೆಂಡ್ ತೆಗೆಸಿದ್ದೂ ಆಯಿತು.

ಆರ್‌ಎಸ್ ಅಕ್ಕ

ಲೈಟ್: ಹೊಸ ರಿಮ್ಮಿನೊಳಗೆ ಗಾಳಿ ಅಳೆಯುವ ಸೆನ್ಸರ್ ಇದೆಯಾ ಮೊದಲು ನೋಡಿಸಿ. ಅದರ ಬ್ಯಾಟರಿ ಬದಲಾಯಿಸೋಕಾಗೋದಿಲ್ಲ, ವರ್ಷಗಟ್ಟಲೆ ಬಿಚ್ಚಿಟ್ಟಿದ್ದರೆ ಸತ್ತಿರಬಹುದು. ಹೊಸದು ತಗೊಂಡರೆ ಕಾರಿನ ಫ್ರೀಕ್ವೆನ್ಸಿಗೆ ಹೊಂದುವುದನ್ನೇ ತಗೊಳ್ಳಿ, ಅಮೆರಿಕದ ಹಲವು ಕಾರುಗಳ 315 ಮೆಗಾಹರ್ಟ್ಜ್ ಸೆನ್ಸರ್ ಇಲ್ಲಿಗೆ ಆಗೋದಿಲ್ಲ. ಸೆನ್ಸರ್ ಸರಿ ಇದ್ದರೆ ಮೀಟರಿನ ಮೆನುವಿಗೆ ಹೋಗಿ ಟೈರ್ ಸೈಜ್ ಮತ್ತು ಬಗೆ ಆರಿಸಿ. ಅಲ್ಲಿ ಸಮ್ಮರ್, ವಿಂಟರ್ ಅಂತ ಕೇಳುತ್ತದೆ. ಸಮ್ಮರ್ ಒತ್ತಿ, ಆಮೇಲೆ ಸ್ವಲ್ಪ ಓಡಿಸಿ, ತಾನೇ ಕಲಿತುಕೊಳ್ಳುತ್ತದೆ.

ಇಡೋದು: ಟೈರ್ ಇರುವ ರಿಮ್ ಆದರೆ ಮಲಗಿಸಿ ಒಂದರ ಮೇಲೊಂದು ಪೇರಿಸಿ. ರಿಮ್ ಇಲ್ಲದ ಟೈರ್ ಆದರೆ ನಿಲ್ಲಿಸಿ, ಆಗಾಗ ಸ್ವಲ್ಪ ತಿರುಗಿಸಿ. ಬಿಸಿಲು ಬೀಳಬಾರದು. ಬೋರ್‌ವೆಲ್ ಮೋಟಾರ್ ಪಕ್ಕದಲ್ಲಿ ಇಡಬೇಡಿ, ಮೋಟಾರಿನಿಂದ ಹೊರಡುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಟೆರೇಸ್ ಅಂತೂ ಬೇಡವೇ ಬೇಡ.

ಲೋ ಪ್ರೊಫೈಲ್ ಲೋಕೇಶ

ಜಾಗ ಇಲ್ಲದಿದ್ದರೆ 20 ಇಂಚಿನ ಸೆಟ್ ನಮ್ಮ ಮನೆಯಲ್ಲಿಡಿ ಸರ್. ಬಾಡಿಗೆ ಕೇಳಲ್ಲ.

ಬಸವನಗುಡಿ ಬಾಕ್ಸರ್

ಸೆನ್ಸರ್‌ಗಳಲ್ಲಿ ಎರಡು ಸತ್ತಿದ್ದವು ಅಕ್ಕ, ಹೊಸದು ಹಾಕಿಸಿದೆ. ಮೆನುವಿನಲ್ಲಿ ಸಮ್ಮರ್ ಒತ್ತಿದೆ, ಲೈಟ್ ಆರಿತು. ಲೋಕೇಶ, ಸೆಟ್ ಮಂಚದ ಕೆಳಗೆ ಕೂತಾಯಿತು. ಮನೆಯವರ ಜೊತೆ ಮಾತುಕತೆ ನಡೆಯುತ್ತಿದೆ.